ಸೈಲೆನ್ಸರಿನ ಬಾಯಿ

"ಬಾಯಿ ಕಟ್ ಮಾಡ್ಬುಡ್ಲಾ ಸಾರ್? ಐದ್ನಿಮಿಷದ ಕೆಲ್ಸ."

"ಬ್ಯಾಡ. ಪೈಪಿಗೆ ಒಂದ್ ಗೀರೂ ಬೀಳ್ಬಾರ್ದು," ಎಂದರು ಸದಾಶಿವಯ್ಯ.

ಮೆಕ್ಯಾನಿಕ್ ಆಂಟೋ ಬೈಕಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಮೊಬೈಲಿನ ಬೆಳಕನ್ನು ಸೈಲೆನ್ಸರಿನೊಳಕ್ಕೆ ಬಿಟ್ಟ. ಕಂಪನಿಯದನ್ನು ತೆಗೆಸಿ ಹುಡುಗರು ಹಾಕಿಸಿಕೊಳ್ಳುವ ಸ್ಟೀಲಿನ ಪೈಪು ಅದು. ಬಾಯೊಳಗೆ ಶಬ್ದ ತಗ್ಗಿಸುವ ತೂತುತೂತಿನ ಸಣ್ಣ ಕೊಳವೆಯೊಂದು ಕೂತಿತ್ತು. ಹುಡುಗರು ಅದನ್ನು ಡಿಬಿ ಕಿಲ್ಲರ್ ಎನ್ನುತ್ತಾರೆ. ಒಂದು ಬೋಲ್ಟ್ ಬಿಚ್ಚಿದರೆ ಹೊರಗೆ ಬರಬೇಕು. ಇಲ್ಲಿ ಬೋಲ್ಟಿನ ತಲೆಯೇ ಕರಗಿಹೋಗಿತ್ತು. ಅಂಚಿನಲ್ಲಿ ಎರಡು ಕಡೆ ವೆಲ್ಡಿಂಗಿನ ಉಂಡೆಗಳಿದ್ದವು.

"ಯಾರ್ ಸಾರ್ ಇದ್ನ ಹಾಕಿದ್ದು? ಕಿಟಕಿ ಗ್ರಿಲ್ ಮಾಡೋನಾ?"

"ನಮ್ಮನೆ ಗೇಟ್ ಮಾಡ್ದೋನು."

ಆಂಟೋ ನಕ್ಕ. "ಅದ್ಕೇ. ದನ ನುಗ್ಬಾರ್ದು ಅಂತ ಹಾಕ್ಬುಟ್ಟವ್ನೆ."

ಸದಾಶಿವಯ್ಯ ನಗಲಿಲ್ಲ. "ನಾನೇ ಹೇಳಿದ್ದು. ಬಿಚ್ಚೋಕಾಗ್ಬಾರ್ದು, ಅಂಗೆ ಹಾಕು ಅಂತ."

ಮಠದ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು ಅವರು. ಅವರ ಹೆಜ್ಜೆ ಸಪ್ಪಳ ಕೇಳಿದರೆ ಇಡೀ ಸಾಲಿನ ಕೋಣೆಗಳು ಸುಮ್ಮನಾಗುತ್ತಿದ್ದವು. ಮಗ ಸಿದ್ದೇಶನ ಬೈಕು ಮಾತ್ರ ಸುಮ್ಮನಾಗಲಿಲ್ಲ. ಅವನು ಮದುವೆಯೊಂದಕ್ಕೆ ಚಿಕ್ಕಮ್ಮನ ಕಾರಿನಲ್ಲಿ ಹೋಗಿದ್ದ ದಿನ, ಗೇಟಿನವನನ್ನು ಮನೆಗೇ ಕರೆಸಿ ಆ ಕೊಳವೆಯನ್ನು ತೂರಿಸಿ ವೆಲ್ಡ್ ಮಾಡಿಸಿಬಿಟ್ಟರು. ಸಿದ್ದೇಶ ಬಂದು ಬೈಕ್ ಸ್ಟಾರ್ಟ್ ಮಾಡಿದ. ಸದ್ದು ಅಡಗಿಹೋಗಿತ್ತು. ಜಗಳವಾಡಲಿಲ್ಲ. ಕೀ ತಂದು ಅಪ್ಪನ ಮುಂದಿಟ್ಟು, "ನೀವೇ ಓಡಿಸ್ಕೊಳ್ಳಿ," ಎಂದ. ಆಮೇಲೆ ಗೆಳೆಯನ ಸ್ಕೂಟರಿನ ಹಿಂದೆ ಕೂತು ಓಡಾಡಿದ. ರಿಂಗ್ ರೋಡಿನಲ್ಲಿ ಲಾರಿ ತಾಗಿದಾಗಲೂ ಹಿಂದೆಯೇ ಕೂತಿದ್ದ. ಗೆಳೆಯನ ಕಾಲು ಮುರಿಯಿತು. ಸಿದ್ದೇಶನ ತಲೆಗೆ ಪೆಟ್ಟಾಯಿತು.

ಈಗ ಅವನು ಬೋಗಾದಿಯ ಮನೆಯ ಮುಂದಿನ ಕೋಣೆಯಲ್ಲಿ ಕಣ್ಣು ತೆರೆದುಕೊಂಡು ಮಲಗಿರುತ್ತಾನೆ. ಯಾರನ್ನೂ ನೋಡುವುದಿಲ್ಲ. ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ, ಅವನಿಗೆ ಇಷ್ಟವಾದ ಶಬ್ದ ಏನಾದರೂ ಕೇಳಿಸಿ ನೋಡಿ, ಕೆಲವರಿಗೆ ಗೊತ್ತಾಗುತ್ತದೆ ಎಂದಿದ್ದಳು. ತಾಯಿ ಪಾರ್ವತಮ್ಮ ಕಿವಿಯ ಹತ್ತಿರ ಕೂತು ವಚನ ಹಾಡಿದರು. ಗೆಳೆಯರು ಫೋನಿನಲ್ಲಿ ಹಳೆಯ ಬೈಗುಳಗಳನ್ನೆಲ್ಲ ಬೈದರು. ಕೊನೆಗೆ ಪಾರ್ವತಮ್ಮನೇ, "ಅವನ ಗಾಡಿ ಕೇಳಿಸೋಣ ಕಣ್ರೀ. ಅದೊಂದು ಉಳ್ಕೊಂಡಿದೆ," ಎಂದರು. ಗಂಡನ ಮುಖ ನೋಡದೆ ಹೇಳಿದರು. ಗೇರಿನ ಗಾಡಿ ಓಡಿಸಲು ಬಾರದ ಸದಾಶಿವಯ್ಯ ಅದನ್ನು ಗ್ಯಾರೇಜಿನವರೆಗೂ ತಳ್ಳಿಕೊಂಡು ಬಂದಿದ್ದರು.

ಆಂಟೋ ಪೈಪು ಬಿಚ್ಚಿ, ಒದ್ದೆ ಗೋಣಿ ಸುತ್ತಿ, ಎರಡು ಮರದ ತುಂಡುಗಳ ನಡುವೆ ಬಿಗಿದ. ಬೆರಳು ಗಾತ್ರದ ಗ್ರೈಂಡರಿನಿಂದ ಉಂಡೆಗಳನ್ನು ಸವೆಸತೊಡಗಿದ. ಕಿಡಿ ಹಾರಿದಾಗಲೆಲ್ಲ ಸದಾಶಿವಯ್ಯನವರ ಕೈ ತಾನಾಗಿ ಮುಂದೆ ಬರುತ್ತಿತ್ತು.

"ಸಾರ್, ನಿಮ್ ಕೈ ಗೀರ್ಬುಡ್ತೀನಿ ಆಮೇಲೆ."

"ಎದ್ದ ತಕ್ಷಣ ಮೊದ್ಲು ಅದನ್ನೇ ನೋಡೋದು ಅವ್ನು."

ಆಂಟೋ ಗ್ರೈಂಡರ್ ನಿಲ್ಲಿಸಿದ. ಸಣ್ಣ ಅರ ತೆಗೆದುಕೊಂಡು ಉಳಿದದ್ದನ್ನು ಕೈಯಲ್ಲೇ ಉಜ್ಜಿದ. ಎಣ್ಣೆ ಬಿಟ್ಟ, ಸ್ವಲ್ಪ ಕಾಯಿಸಿದ, ಕೊಕ್ಕೆ ಹಾಕಿ ತಿರುಗಿಸಿ ಎಳೆದ. ಬರಲಿಲ್ಲ. ಮತ್ತೆ ಎಣ್ಣೆ ಬಿಟ್ಟ. ಊಟದ ಹೊತ್ತು ಮೀರಿದ ಮೇಲೆ ಕೊಳವೆ ಒಮ್ಮೆ ಕಿರುಗುಟ್ಟಿ, ಮಸಿ ಉದುರಿಸುತ್ತ ಹೊರಗೆ ಬಂತು. ಸದಾಶಿವಯ್ಯ ಪೈಪಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಎಲ್ಲೂ ತಡೆಯಲಿಲ್ಲ.

ಪೈಪು ಮತ್ತೆ ಜೋಡಿಸಿ, ಆಂಟೋನೇ ಮನೆಯವರೆಗೆ ಗಾಡಿ ಓಡಿಸಿಕೊಂಡು ಬಂದ. ಬೀದಿಯ ತಿರುವಿನಲ್ಲೇ ಎಂಜಿನ್ ಆರಿಸಿ, ತಳ್ಳಿಕೊಂಡು ಬಂದು ಕೋಣೆಯ ಕಿಟಕಿಯ ಕೆಳಗೆ ನಿಲ್ಲಿಸಿದ. ಒಳಗೆ ಪಾರ್ವತಮ್ಮ ಮಗನ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ, ದಿಂಬು ಸರಿಮಾಡಿದರು. ಅವನಿಗೆ ಕೇಳಿಸಿದ ಹಾಗೆ ಏನಾದರೂ ಕಂಡರೆ ಕೈ ಎತ್ತುತ್ತೇನೆ ಎಂದಿದ್ದರು.

ಆಂಟೋ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತಿರುಗಿಸಿದ. ಕಿಟಕಿಯ ಗಾಜು ಅದುರಿತು. ಎದುರು ಸೈಟಿನಲ್ಲಿ ಇಟ್ಟಿಗೆ ಹೊರುತ್ತಿದ್ದವರು ನಿಂತು ನೋಡಿದರು. ಸದಾಶಿವಯ್ಯ ಹೆಂಡತಿಯ ಕೈಯನ್ನೇ ನೋಡುತ್ತಿದ್ದರು. ಅದು ಮಗನ ಕೆನ್ನೆಯ ಮೇಲಿತ್ತು.

"ಇನ್ನೊಂದ್ಸಲ ಕೊಡಪ್ಪ."

ಆಂಟೋ ಮತ್ತೆ ತಿರುಗಿಸಿದ. ಮಹಡಿಯಲ್ಲಿ ಬಾಡಿಗೆಗಿದ್ದ ಶಿಲ್ಪಶ್ರೀಯ ಕೂಸು ಎದ್ದು ಕಿರುಚಿ ಅಳತೊಡಗಿತು. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಗೆ ಬಂದಳು.

"ಎಬ್ಬಿಸ್ಬುಟ್ವಿ ಕಣಮ್ಮ. ಸಾಕು, ನಿಲ್ಲಿಸ್ತೀವಿ," ಎಂದರು ಸದಾಶಿವಯ್ಯ.

"ಬ್ಯಾಡಿ ಅಂಕಲ್. ಇವನು ಆಮೇಲೆ ಮಲಗ್ತಾನೆ. ನೀವು ಕೊಡ್ಸಿ."

ಈ ಸಲ ಆಂಟೋ ಬಹಳ ಹೊತ್ತು ಹಿಡಿದ. ಪಾರ್ವತಮ್ಮನ ತುಟಿ ಅಲುಗುತ್ತಿತ್ತು. ಸಿದ್ದು, ಸಿದ್ದು ಎನ್ನುತ್ತಿದ್ದಿರಬೇಕು. ಹೊರಗೆ ಏನೂ ಕೇಳಿಸಲಿಲ್ಲ. ಆಮೇಲೆ ಅವರು ಸೆರಗಿನಿಂದ ಮಗನ ಬಾಯಂಚು ಒರೆಸಿದರು. ಆಂಟೋ ಯಾರೂ ಹೇಳದೆಯೇ ಎಂಜಿನ್ ಆರಿಸಿದ.

ಸದಾಶಿವಯ್ಯ ಪೈಪಿನ ಪಕ್ಕದಲ್ಲಿ ಕುಕ್ಕರಿಸಿದರು.

"ಕಾದಿದೆ ಸಾರ್, ಮುಟ್ಬ್ಯಾಡಿ."

ಅವರು ಮುಟ್ಟಲಿಲ್ಲ. ಆರುತ್ತಿದ್ದ ಲೋಹ ಟಿಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಿಕ್ ಎಂದಿತು. ಒಂದೊಂದು ಸದ್ದಿಗೂ ಅವರು ತಲೆ ಎತ್ತಿ ಕಿಟಕಿಯ ಕಡೆ ನೋಡುತ್ತಿದ್ದರು.