ಲಾಡ್ಜಿನಲ್ಲಿ ಉಳಿದ ಸೋದರತ್ತೆ

ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಕೋಣೆಯ ಬಾಗಿಲು ತೆರೆದದ್ದೇ ತಡ, ಕೆಂಚವ್ವ ಚಪ್ಪಲಿಯನ್ನು ಹೊರಗೇ ಬಿಟ್ಟು, ಬಲಗಾಲು ಮುಂದಿಟ್ಟು ಒಳಗೆ ಬಂದಳು.

“ಯವ್ವಾ, ಇದು ಲಾಡ್ಜ ಬೇ, ಗುಡಿ ಅಲ್ಲ,” ಎಂದು ಮಗಳು ಸೀಮಾ ಬಿದ್ದು ಬಿದ್ದು ನಕ್ಕಳು.

“ಇರಲಿ ಬಿಡ. ಮೊಮ್ಮಗಳ ಕಾರ್ಯಾಕ್ಕ ಬಂದೇನಿ, ಎಡಗಾಲ ಯಾಕ ಇಡ್ಲಿ?”

ಅನಂತಪುರವೆಂಬ ಹಳ್ಳಿಯ ಕೆಂಚವ್ವನಿಗೆ ಲಾಡ್ಜಿನ ವಾಸ ಇದೇ ಮೊದಲು. ಮಗ ಸಂಜಯನಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲ ಕಾರ್ಯ ನಿಪ್ಪಾಣಿಯಲ್ಲಿ, ಸೊಸೆಯ ತವರಿನಲ್ಲಿ. ಬೀಗರ ಮನೆ ಚಿಕ್ಕದು, ಅದೂ ಆಗಲೇ ನೆಂಟರಿಂದ ತುಂಬಿಹೋಗಿತ್ತು. ಹಾಗಾಗಿ ಸಂಜಯ ಅವ್ವನಿಗೂ ಅಕ್ಕನಿಗೂ ಅಗ್ಗದ ಲಾಡ್ಜೊಂದರಲ್ಲಿ ಕೋಣೆ ಹಿಡಿದಿದ್ದ. “ಬೀಗರ ಊರಾಗ ಲಾಡ್ಜಿನ್ಯಾಗ ಉಳದ್ರ ಮಂದಿ ಏನಂದಾರು!” ಎಂದು ದಾರಿಯುದ್ದಕ್ಕೂ ಗೊಣಗಿದ್ದ ಕೆಂಚವ್ವ, ನಲ್ಲಿ ತಿರುಗಿಸಿದರೆ ಬಿಸಿನೀರು ಬರುವುದನ್ನು ಕಂಡ ಮೇಲೆ ಮಂದಿಯನ್ನೇ ಮರೆತಳು. ಬಿಳಿ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಗಳೊಂದಿಗೆ ಒಂದೇ ಡಬ್ಬಿಯಲ್ಲಿ ರೊಟ್ಟಿ-ಝುಣಕ ತಿಂದಳು.

ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಸಂಜಯನಿಗೆ ಒಡಹುಟ್ಟಿದವಳು ಸೀಮಾ ಒಬ್ಬಳೇ. ಈ ದಿನಕ್ಕಾಗಿ ಅವಳು ಕಾದದ್ದು ಅಷ್ಟಿಷ್ಟಲ್ಲ. ಹೆಸರನ್ನು ತಾನೇ ಆರಿಸಿ, ಅದನ್ನು ಗಂಡನಿಗೂ ಹೇಳದೆ, ಗಂಡನ ಊರಾದ ಪಾಲಬಾವಿಯಿಂದ ಬಂದು ಅವ್ವನನ್ನು ಕೂಡಿಕೊಂಡಿದ್ದಳು.

“ನಂಗರ ಹೇಳ,” ಎಂದು ಕೆಂಚವ್ವ ಗಂಟು ಬಿದ್ದಳು.

“ಮೊದಲ ಕೂಸಿನ ಕಿವ್ಯಾಗ. ಆಮ್ಯಾಲೆ ನಿನ್ನ ಕಿವ್ಯಾಗ.”

ಬೆಳಿಗ್ಗೆ ಕೆಂಚವ್ವ ಇಳಕಲ್ ಸೀರೆಯುಟ್ಟು ಸಡಗರದಲ್ಲಿ ಓಡಾಡುತ್ತಿದ್ದಾಗ ಸೀಮಾ ಬಚ್ಚಲಿನಿಂದ ಹೊರಗೆ ಬಂದು ಬಾಗಿಲ ಹತ್ತಿರವೇ ನಿಂತಳು.

“ಯವ್ವಾ, ನಾ ಹೊರಗಾಗೇನಿ.”

ಕೆಂಚವ್ವ ಥಟ್ಟನೆ ಹಿಂದೆ ಸರಿದಳು. “ಯಾವಾಗ?”

“ನಿನ್ನೆ ಚಿಕ್ಕೋಡಿ ದಾಟಿದ ಮ್ಯಾಲೆ, ಬಸ್ಸಿನ್ಯಾಗ. ನೀ ಅಷ್ಟ ಖುಷಿಲೆ ಇದ್ದಿ, ಹೇಳಾಕ ಬಾಯಿ ಬರಲಿಲ್ಲ. ಆದ್ರ ಹೊಟ್ಟ್ಯಾಗ ಸುಳ್ಳ ಇಟಗೊಂಡ ಕೂಸಿಗೆ ಹೆಸರ ಹೇಳಾಕ ನಾ ಒಲ್ಲೆ. ಅದಕ್ಕ ಹೇಳೇನಿ.”

“ಅಯ್ಯ ಶಿವನೆ! ಇವತ್ತ ಆಗಬೇಕಾಗಿತ್ತೇನು ಇದು? ನೀ ಬರೂದ ಬ್ಯಾಡ, ಇಲ್ಲೇ ಇರು. ಹೆಸರು ಮನೀಷಾ ಹೇಳ್ತಾಳ.”

ಮನೀಷಾ ಎಂದರೆ ಕೆಂಚವ್ವನ ಮೈದುನನ ಮಗಳು. ಅವಳು ನಿನ್ನೆಯೇ ಬೀಗರ ಮನೆ ಸೇರಿದ್ದಳು.

ಸೀಮಾ ಮಂಚದ ಕಡೆ ಕೈ ಮಾಡಿದಳು. “ರಾತ್ರಿ ಒಂದ ಹಾಸಿಗಿ ಮ್ಯಾಲೆ ಮಲಗೇವಿ. ಒಂದ ಡಬ್ಬ್ಯಾಗ ಉಂಡೇವಿ. ನಿನಗೇನರ ಆತೇನು? ಈ ಹಾಸಿಗಿ ಮ್ಯಾಲೆ ಮೊನ್ನೆ ಯಾರ ಮಲಗಿದ್ರು, ಆಕಿ ಹೊರಗಾಗಿದ್ಲೋ ಇಲ್ಲೋ, ಮ್ಯಾನೇಜರಗ ಕೇಳಿದ್ಯಾ?”

“ಮಂದಿದ ಬ್ಯಾರೆ. ಇದು ಹಸಗೂಸಿನ ಕೆಲಸ.” ಕೆಂಚವ್ವನ ಕಣ್ಣು ತುಂಬಿದವು. “ನಾಳಿ ಕೂಸಿಗೆ ಬರೇ ನೆಗಡಿ ಬಂದ್ರೂ ಎಲ್ಲಾರೂ ನಿನ್ನ ಕಡೆ ಬೊಟ್ಟ ಮಾಡ್ತಾರ. ನನ್ನ ಮಗಳನ್ನ ಹಂಗ ಅನ್ನೂದು ಕೇಳಾಕ ನನ್ನ ಕಡೆ ಆಗೂದಿಲ್ಲವ್ವಾ.”

ಸೀಮಾ ಮಂಚದ ತುದಿಗೆ ಕೂತು, “ಹೆಸರು ಆರೋಹಿ. ಮನೀಷಾಗ ಹೇಳು,” ಎಂದಳು. ರಾತ್ರಿ ಗೋಗರೆದರೂ ಸಿಗದ ಹೆಸರು ಈಗ ಹೀಗೆ ಪುಕ್ಕಟೆ ಸಿಕ್ಕಿತ್ತು. ಕೆಂಚವ್ವನಿಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಬೀಗರ ಮನೆಯಲ್ಲಿ ಎಂಥ ಗದ್ದಲ! ಕನ್ನಡಕ್ಕೆ ಮರಾಠಿ, ಮರಾಠಿಗೆ ಕನ್ನಡ, ಎಲ್ಲರದೂ ಮಾತೇ, ಕೇಳುವವರು ಯಾರೂ ಇಲ್ಲ. ಗುಗ್ಗರಿಯ ಘಮ ಬೀದಿಯವರೆಗೂ ಹಬ್ಬಿತ್ತು. ಹೂ ಸುತ್ತಿದ ತೊಟ್ಟಿಲ ಪಕ್ಕದಲ್ಲಿ ಸಂಜಯ ನಿಂತಲ್ಲಿ ನಿಲ್ಲುತ್ತಿರಲಿಲ್ಲ. “ಅಕ್ಕ ಎಲ್ಲಿ ಯವ್ವಾ?” ಎಂದು ಬಾಗಿಲಲ್ಲೇ ಕೇಳಿದ. ಕೆಂಚವ್ವ ಬೀಗತಿ ಸಾವಕ್ಕನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿಷಯ ಹೇಳಿದಳು.

“ಛಲೋ ಮಾಡಿದ್ರಿ ಬಿಡ್ರಿ,” ಎಂದಳು ಸಾವಕ್ಕ. “ಅಂಥಾಕಿ ನೆಳ್ಳು ಕೂಸಿನ ಮ್ಯಾಲೆ ಬೀಳಬಾರದ್ರಿ.”

ಅಂಥಾಕಿ! ಕೆಂಚವ್ವ ಯಾವ ಮಾತು ಮಗಳ ಮೇಲೆ ಬರಬಾರದೆಂದು ಅವಳನ್ನು ಕೋಣೆಯಲ್ಲಿ ಕೂರಿಸಿ ಬಂದಿದ್ದಳೋ, ಅದೇ ಮಾತು ಬಂದಿತ್ತು. ಅದಕ್ಕೆ ದಾರಿ ಮಾಡಿಕೊಟ್ಟವಳೂ ತಾನೇ. ಅಷ್ಟರಲ್ಲಿ ಮನೀಷಾ ಓಡಿಬಂದು, “ದೊಡ್ಡವ್ವಾ, ಹೆಸರ ಯಾವದು? ಲಗೂನ ಹೇಳ, ಹೊತ್ತಾಗಾಕತ್ತೈತಿ,” ಎಂದಳು.

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಕೆಂಚವ್ವ ಅದನ್ನು ನುಂಗಿಕೊಂಡಳು.

“ಹೆಸರ ಸೀಮಾಂದು. ಆಕೀನ ಬಂದ ಹೇಳ್ತಾಳ. ತಡೀರಿ, ಈಗ ಬಂದ್ನಿ!”

ಸೀರೆ ಎತ್ತಿ ಕಟ್ಟಿ, ಬೀದಿಗಿಳಿದು, ಸಿಕ್ಕ ಆಟೋ ಹತ್ತಿದಳು. ಲಾಡ್ಜಿನ ಕೆಳಗೆ ಇಳಿದವಳಿಗೆ ಮೆಟ್ಟಿಲು ಹತ್ತುವಷ್ಟು ತಾಳ್ಮೆ ಎಲ್ಲಿಯದು? ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗುವ ದನಿಯಲ್ಲಿ, “ಸೀಮಾ! ಏ ಸೀಮಾ! ಕೆಳಗ ಬಾರವ್ವಾ!” ಎಂದು ಕೂಗಿದಳು. ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡಿತು. ಕಿಟಕಿಯಲ್ಲಿ ಸೀಮಾಳ ಅತ್ತು ಬಾಡಿದ ಮುಖ ಕಂಡಿತು.

“ಬೀಗರು ಏನಂತಾರ ಬೇ?”

“ಅಂದ್ರ ನಾ ಅನ್ನಿಸಿಕೋತೇನಿ. ನೀ ಇಳದ ಬಾ!”

ಬೀಗರ ಮನೆಯ ಹೊಸ್ತಿಲಲ್ಲಿ ಸಾವಕ್ಕ ಅಡ್ಡ ನಿಂತಳು. “ಬೀಗತಿ, ಇದೇನ್ರಿ ಇದು? ಮುಟ್ಟಾದಾಕಿನ್ನ ತೊಟ್ಟಲ ತನಕ ತರ್ತೀರಿ?”

“ರಾತ್ರೆಲ್ಲಾ ನನ್ನ ಮಗ್ಗಲಾಗ ಮಲಗ್ಯಾಳ್ರಿ. ಆಕಿ ನೆಳ್ಳು ಬೀಳಬಾರದಂದ್ರ ನಂದೂ ಬೀಳಬಾರದು. ಇಬ್ರೂ ಇಲ್ಲೇ ನಿಂದರ್ತೀವಿ. ಕೂಸಿನ್ನ ಹೊರಗ ತರ್ರಿ.”

ಸಾವಕ್ಕ ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಒಳಗಿನಿಂದ ಬಾಣಂತಿಯ ದನಿ ಕೇಳಿಸಿತು. “ಅಕ್ಕಾರ, ಒಳಗ ಬರ್ರಿ. ನೀವ ಬಂದ ಹೊರ್ತು ನಾ ಕೂಸಿನ್ನ ತೊಟ್ಟಲದಾಗ ಹಾಕೂದಿಲ್ಲ.” ಮಗಳ ಮಾತಿಗೆ ಸಾವಕ್ಕ ಮೋರೆ ಗಂಟಿಕ್ಕಿಕೊಂಡೇ ಪಕ್ಕಕ್ಕೆ ಸರಿದಳು.

ಸೀಮಾ ತೊಟ್ಟಿಲ ಮೇಲೆ ಬಾಗಿದಳು. “ಕುರ್ರ್…” ಎಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಸೋದರತ್ತೆ ಹೆಸರು ಹೇಳಿದೊಡನೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದು ಪ್ರೀತಿಯ ಪೆಟ್ಟು, ತಪ್ಪಿಸುವಂತಿಲ್ಲ. ಕೈಗಳು ರೂಢಿಯಂತೆ ಮೇಲೆದ್ದವು. ಆದರೆ ಒಂದೂ ಕೆಳಗೆ ಬೀಳಲಿಲ್ಲ. ಮನೀಷಾಳ ಕೈ ಕೂಡ ಗಾಳಿಯಲ್ಲೇ ನಿಂತಿತು. ಸೀಮಾ ಬಾಗಿದಲ್ಲೇ ಕಾದಳು.

ಕೆಂಚವ್ವ ಗುಂಪನ್ನು ಸರಿಸಿ ಬಂದು, ಮಗಳ ಬೆನ್ನಿಗೆ ಧಪ್ ಎಂದು ಒಂದು ಕೊಟ್ಟಳು.

“ಅಯ್ಯಯ್ಯ ಯವ್ವಾ!”

“ಏನ ನೋಡ್ತೀರಿ?” ಕೆಂಚವ್ವ ಸುತ್ತಲಿದ್ದವರತ್ತ ತಿರುಗಿದಳು. “ಸ್ವಾದರತ್ತಿ ಬೆನ್ನ ಖಾಲಿ ಬಿಡ್ತಾರೇನು?”

ಮನೀಷಾಳ ಗುದ್ದು ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಸೀಮಾ ನಗುತ್ತಲೂ ಅಳುತ್ತಲೂ “ಸಾಕ್ರವ್ವಾ, ಸಾಕ್!” ಎನ್ನುತ್ತಿದ್ದಳು. ಗದ್ದಲಕ್ಕೆ ಕೂಸು ಬೆಚ್ಚಿ ಅಳತೊಡಗಿತು. ಎಲ್ಲರ ಸರದಿ ಮುಗಿಯಿತೆಂದು ಸೀಮಾ ಏಳುವಷ್ಟರಲ್ಲಿ, ಬಳೆಗಳ ಸದ್ದಿನೊಂದಿಗೆ ಬೆನ್ನ ಮೇಲೆ ಇನ್ನೊಂದು ಕೈ ಬಿತ್ತು. ತಿರುಗಿ ನೋಡಿದಳು.

ಸಾವಕ್ಕ.