ಉಳಿಸಿಕೊಂಡ ಎರಡು ಹೊಲಿಗೆ

ನಾಲ್ಕನೇ ಹೊಲಿಗೆಯ ಗಂಟು ಬಿಗಿಯುತ್ತಾ ಸಿಸ್ಟರ್ ಕೇಳಿದರು, "ಏನಮ್ಮಾ, ಹೇಗಾಯ್ತು ಇದು?"

ಕೇಳಿದ್ದು ಅಂಗೈ ಚಾಚಿ ಕೂತಿದ್ದ ಹುಡುಗಿಯನ್ನು. ಉತ್ತರ ಬಂದಿದ್ದು ಅವಳ ಬೆನ್ನ ಹಿಂದಿನಿಂದ.

"ಗಾಜಿನ ಲೋಟ ತೊಳೀತಿದ್ಳು ಸಿಸ್ಟರ್, ಒಡೆದುಹೋಯ್ತು. ಕೈಯೇ ನೆಟ್ಟಗಿಲ್ಲ ಇವಳದು." ಜೊತೆಗೆ ಬಂದಿದ್ದ ಹೆಂಗಸು ನಗುತ್ತಾ ಹೇಳಿದಳು. ಹುಡುಗಿಗೆ ಚಿಕ್ಕಮ್ಮ ಆಗಬೇಕಂತೆ.

"ಊಟ ಮಾಡಿದ್ದೀಯಾ?"

"ಈಗ ತಾನೇ ತಿನ್ನಿಸಿ ಕರ್ಕೊಂಡು ಬಂದೆ ಸಿಸ್ಟರ್."

"ಸುಸ್ತು ಗಿಸ್ತು ಏನಾದ್ರೂ?"

"ಏನಿಲ್ಲ ಸಿಸ್ಟರ್, ಗಟ್ಟಿಗಿತ್ತಿ."

ಆ ಆರೋಗ್ಯ ಕೇಂದ್ರದ ಡ್ರೆಸ್ಸಿಂಗ್ ರೂಮಿನಲ್ಲಿ ಸಿಸ್ಟರ್‌ಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಕೈ ಎಷ್ಟು ಹಗುರ ಅಂದರೆ, ಅಳುತ್ತಾ ಬಂದ ಮಕ್ಕಳು ಅಳೋದನ್ನು ಮರೆತು ಅವರ ಬೆರಳನ್ನೇ ನೋಡುತ್ತಾ ಕೂತುಬಿಡುತ್ತಿದ್ದವು. ಆರನೇ ಹೊಲಿಗೆ ಮುಗಿಸಿ, ಬ್ಯಾಂಡೇಜು ಸುತ್ತಿ, ಹುಡುಗಿಯ ಭುಜ ತಟ್ಟಿದರು. "ಪುಣ್ಯ ಮಾಡಿದ್ದೀಯಮ್ಮಾ, ಇಂಥ ಚಿಕ್ಕಮ್ಮ ಸಿಗೋಕೆ. ಎಂಟನೇ ದಿನಕ್ಕೆ ಬಾ, ಬಿಚ್ಚೋಣ."

ಹುಡುಗಿ ಕಾಲ್ಬೆರಳು ಮಡಚಿ ನೆಲಕ್ಕೆ ಒತ್ತಿದಳು. ಸಿಸ್ಟರ್ ಅದನ್ನು ನೋಡಿದರು. ನೋವಿಗೆ ಅಂದುಕೊಂಡರು. ರಿಜಿಸ್ಟರಿನಲ್ಲಿ ಬರೆದರು: ವಯಸ್ಸು ಇಪ್ಪತ್ಮೂರು, ಲೋಟ ಒಡೆದು ಗಾಯ.

ಅವರು ಹೋದ ಮೇಲೆ ಆಯಮ್ಮ ಬಕೆಟ್ಟು ಹಿಡಿದು ಒಳಗೆ ಬಂದಳು. "ಸಿಸ್ಟರಮ್ಮಾ, ನಾಡಿದ್ದು ನಮಗೆಲ್ಲಾ ತರಬೇತಿಯಂತೆ. ಲೈಂಗಿಕ ಶೋಷಣೆಗೆ ಸಿಕ್ಕಿರೋ ಹೆಣ್ಣುಮಕ್ಕಳು ಬಂದ್ರೆ ಹೇಗೆ ಮಾತಾಡಿಸ್ಬೇಕು ಅಂತ ಹೇಳಿಕೊಡ್ತಾರಂತೆ."

"ಮಾತಾಡೋದನ್ನೂ ಹೇಳಿಕೊಡ್ತಾರಾ? ಇಷ್ಟು ವರ್ಷ ನಾನೇನು ಬಾಯಿ ಹೊಲಿದುಕೊಂಡಿದ್ನಾ?"

"ಅದನ್ನೇ ನಾನೂ ಅಂದೆ. ಊಟ ಕೊಡ್ತಾರಂತೆ, ಹೋಗೋಣ ಬಿಡಿ."

"ಅಲ್ಲ ಕಣೇ, ಅಂಥೋರು ನಮ್ಮ ಹತ್ರ ಎಲ್ಲಿ ಬರ್ತಾರೆ? ಇಲ್ಲಿಗೆ ಬರೋದು ಕೆಮ್ಮು, ಗಾಯ, ಕೀವು."

ತರಬೇತಿ ಕೊಡಲು ಬಂದವಳು ಆಪ್ತಸಮಾಲೋಚಕಿ. ಸಿಸ್ಟರ್ ಮಗಳ ವಯಸ್ಸು, ಸಣ್ಣ ದನಿ. ಹಿಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಿದ್ದ ಸಿಸ್ಟರನ್ನೇ ಎದ್ದು ಬರಲು ಹೇಳಿ, ಪೇಷಂಟಿನ ಸ್ಟೂಲಿನ ಮೇಲೆ ಕೂರಿಸಿದಳು. ಕೈಗೊಂದು ಮಡಚಿದ ಚೀಟಿ ಕೊಟ್ಟಳು. "ಸಿಸ್ಟರ್, ಇದರಲ್ಲಿ ಒಂದೇ ಒಂದು ಮಾತಿದೆ. ಓದಿಕೊಂಡು, ಹೇಗಾದರೂ ನನಗೆ ಹೇಳಿ. ಈಗ ನಾನು ನರ್ಸು." ಆಯಮ್ಮನನ್ನು ಸ್ಟೂಲಿನ ಹಿಂದೆ ನಿಲ್ಲಿಸಿದಳು. "ನೀವು ಇವರ ಅತ್ತೆ. ನಾನು ಕೇಳಿದ್ದಕ್ಕೆಲ್ಲಾ ನೀವೇ ಉತ್ತರ ಹೇಳಬೇಕು."

ಆಯಮ್ಮನಿಗೆ ಅಷ್ಟೇ ಸಾಕಾಯಿತು. "ಏನಾಯ್ತು?" ಎಂದು ಕೇಳಿದರೆ, "ಜಾರಿ ಬಿದ್ಲು ಮೇಡಂ, ಕಣ್ಣು ನೆತ್ತಿ ಮೇಲೆ!" "ನಿದ್ದೆ ಬರುತ್ತಾ?" ಎಂದರೆ, "ಗೊರಕೆ ಹೊಡೀತಾಳೆ, ಮನೆಯೋರಿಗೇ ನಿದ್ದೆ ಇಲ್ಲ!" ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಸಿಸ್ಟರೂ ಮೊದಲು ನಕ್ಕರು. ಆಮೇಲೆ ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಭುಜದ ಮೇಲಿದ್ದ ಆಯಮ್ಮನ ಕೈ ಭಾರವಾಯಿತು. ಮೂರನೇ ಸಲ ಬಾಯಿ ತೆರೆಯಲಿಲ್ಲ.

"ಇಂಥ ಅತ್ತೆ ಸಿಗೋಕೆ ಪುಣ್ಯ ಮಾಡಿದ್ದೀರಿ," ಎಂದು ಸಮಾಲೋಚಕಿ ಪರೀಕ್ಷೆ ಮುಗಿಸಿದಳು. ಸಿಸ್ಟರ್‌ಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಆ ಮಾತು ತಮ್ಮದೇ.

"ಚೀಟಿಯಲ್ಲೇನಿತ್ತು ಸಿಸ್ಟರ್?"

ಬೆವರಿಗೆ ಒದ್ದೆಯಾಗಿದ್ದ ಚೀಟಿ ಬಿಡಿಸಿ ಓದಿದರು. "ನನಗೆ ಅಲ್ಲಿಗೆ ವಾಪಸ್ ಹೋಗೋಕೆ ಇಷ್ಟ ಇಲ್ಲ."

ಅಂದು ಬಂದಿದ್ದ ಹುಡುಗಿಯ ಮಡಚಿದ ಕಾಲ್ಬೆರಳುಗಳು ಸಿಸ್ಟರ್ ಕಣ್ಣಿಗೆ ಕಟ್ಟಿದವು.

"ಜೊತೆಗೆ ಬರೋರೆಲ್ಲಾ ಕೆಟ್ಟವರಲ್ಲ," ಎಂದಳು ಸಮಾಲೋಚಕಿ. "ಅದಕ್ಕೇ ನಿಯಮ ಎಲ್ಲರಿಗೂ ಒಂದೇ ಇರಲಿ. ಸ್ವಲ್ಪ ಹೊತ್ತು ಪೇಷಂಟ್ ಒಬ್ಬರೇ ಒಳಗೆ. 'ಯಾಕೆ ಹೋದೆ, ಯಾಕೆ ಸುಮ್ಮನಿದ್ದೆ' ಅಂತ ಕೇಳಬೇಡಿ, ಅದು ತಪ್ಪು ಹೊರಿಸಿದ ಹಾಗೆ ಕೇಳಿಸುತ್ತೆ. 'ನಿನಗೇನು ಬೇಕು' ಅಂತ ಕೇಳಿ. ಮಕ್ಕಳಾದರೆ ಕಾಯೋ ಹಾಗಿಲ್ಲ, ತಕ್ಷಣ ಪೊಲೀಸರಿಗೆ ತಿಳಿಸಬೇಕು. ಹದಿನೆಂಟು ದಾಟಿದವರ ತೀರ್ಮಾನವನ್ನು ಅವರಿಂದ ಯಾರೋ ಆಗಲೇ ಕಿತ್ತುಕೊಂಡಿದ್ದಾರೆ. ನಾವೂ ಕಿತ್ತುಕೊಳ್ಳೋದು ಬೇಡ."

ಸಿಸ್ಟರ್ ಪುಸ್ತಕ ತಂದಿರಲಿಲ್ಲ. ಚೀಟಿಯ ಹಿಂದೆಯೇ ಬರೆದುಕೊಂಡರು.

ಎಂಟನೇ ದಿನ ಬೆಳಿಗ್ಗೆ ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಹೊಸ ಕಾಗದ ಅಂಟಿತ್ತು: ಪೇಷಂಟ್ ಒಬ್ಬರೇ ಒಳಗೆ. ಕೆಳಗೆ ಆಯಮ್ಮ ಕುರ್ಚಿ ಹಾಕಿ ಕೂತಿದ್ದಳು. ಬೆಳಿಗ್ಗೆಯಿಂದ ಇಬ್ಬರು ಗಂಡಂದಿರನ್ನೂ ಒಬ್ಬ ಮಾವನನ್ನೂ ಹೊರಗೇ ನಿಲ್ಲಿಸಿದ್ದಳು.

ಹುಡುಗಿ ಬಂದಳು. ಹಿಂದೆಯೇ ಚಿಕ್ಕಮ್ಮ.

"ನಾನಿಲ್ಲದೆ ಇವಳಿಗೆ ಭಯ ಆಗುತ್ತಮ್ಮ."

"ಆಗ್ಲಿ ಬಿಡಿ, ಭಯಕ್ಕೂ ಸಿಸ್ಟರ್ ಹತ್ರ ಔಷಧಿ ಇದೆ," ಎಂದಳು ಆಯಮ್ಮ. "ಕೂತ್ಕೊಳ್ಳಿ ಅಕ್ಕಾ. ನಿಮ್ಮ ಸೀರೆ ಎಲ್ಲಿ ತಗೊಂಡ್ರಿ?"

ಒಳಗೆ ಸಿಸ್ಟರ್ ತಮ್ಮ ಕುರ್ಚಿ ಹುಡುಗಿಗೆ ಕೊಟ್ಟು ತಾವು ಸ್ಟೂಲಿನ ಮೇಲೆ ಕೂತರು. ಕತ್ತರಿ ಎತ್ತಿಕೊಂಡರು.

"ಹೋದ ಸಲ ನಿನ್ನನ್ನು ಕೇಳಿ ಬೇರೆಯವರ ಉತ್ತರ ಬರೆದುಕೊಂಡೆ. ತಪ್ಪಾಯ್ತು. ಇಲ್ಲಿ ನೀನು ಆಡೋ ಮಾತು ಬಾಗಿಲ ಹತ್ರ ಕೂತವರಿಗೆ ಹೋಗಲ್ಲ. ಏನೂ ಹೇಳ್ದೆ ಇದ್ರೂ ಪರವಾಗಿಲ್ಲ."

ಒಂದು ಹೊಲಿಗೆ ಬಂತು. ಎರಡು. ಮೂರು. ಸಿಸ್ಟರ್ ಅವಸರ ಮಾಡಲಿಲ್ಲ. ನಾಲ್ಕನೆಯದು ಬಿಚ್ಚುವಾಗ ಹುಡುಗಿ ಅಂಗೈಯನ್ನೇ ನೋಡುತ್ತಾ ಹೇಳಿದಳು, "ಅವರು ನನ್ನ ಚಿಕ್ಕಮ್ಮ ಅಲ್ಲ."

ಆಮೇಲೆ ಉಳಿದದ್ದು ತುಂಡು ತುಂಡಾಗಿ ಬಂತು. ಹೋಟೆಲಿನಲ್ಲಿ ಕೆಲಸ ಅಂದಿದ್ದರು. ಗುರುತಿನ ಚೀಟಿ ಕಸಿದುಕೊಂಡರು. ಕೋಣೆಗೆ ಗಂಡಸರನ್ನು ಕಳಿಸುತ್ತಾರೆ. ಒಲ್ಲೆ ಅಂದ ದಿನ ಆದ ಗಾಯ ಇದು.

'ಯಾಕೆ ಮೊದಲೇ ಹೇಳಲಿಲ್ಲ' ಎನ್ನುವುದು ಸಿಸ್ಟರ್ ನಾಲಿಗೆಯ ತುದಿಗೆ ಬಂತು. ನುಂಗಿದರು. "ನೀನು ಹೇಳಿದ್ದನ್ನು ನಂಬ್ತೀನಿ. ಇದರಲ್ಲಿ ನಿನ್ನ ತಪ್ಪಿಲ್ಲ. ಈಗ ನಿನಗೇನು ಬೇಕು? ಹೊರಗೆ ಬರಬೇಕು ಅಂದ್ರೆ ಹಿಂದಿನ ಬಾಗಿಲಿದೆ. ಸಮಾಲೋಚಕಿ ಇದ್ದಾರೆ, ಉಳಿಯೋಕೆ ಜಾಗ ಇದೆ, ಪೊಲೀಸರಿಗೂ ಹೇಳಬಹುದು. ಇವತ್ತೇ ಆಗುತ್ತೆ."

ಹುಡುಗಿ ತಲೆ ಎತ್ತಿದಳು. "ಇವತ್ತು ಬೇಡ. ಅಲ್ಲಿ ಇನ್ನೊಬ್ಬಳಿದ್ದಾಳೆ. ನಾನೊಬ್ಬಳೇ ಬಂದ್ರೆ ಅವಳನ್ನು ಬೇರೆ ಕಡೆ ಸಾಗಿಸಿಬಿಡ್ತಾರೆ. ಅವಳ ಹತ್ರ ಮಾತಾಡ್ಬೇಕು."

ಬಾಗಿಲು ಹಾಕಿ ಇವಳನ್ನು ಇಲ್ಲೇ ಇಟ್ಟುಕೊಂಡುಬಿಡಬೇಕು ಅನ್ನಿಸಿತು ಸಿಸ್ಟರ್‌ಗೆ. ಕತ್ತರಿ ಐದನೇ ಹೊಲಿಗೆಯ ಹತ್ತಿರ ಹೋಯಿತು. ಹುಡುಗಿ ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಎರಡು ಇರ್ಲಿ ಸಿಸ್ಟರ್. ಎಲ್ಲಾ ಬಿಚ್ಚಿಬಿಟ್ರೆ ನನ್ನನ್ನು ಮತ್ತೆ ಕರ್ಕೊಂಡು ಬರಲ್ಲ."

ಸಿಸ್ಟರ್ ಕತ್ತರಿ ಕೆಳಗಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಅವರ ಕೋಣೆಯಲ್ಲಿ ಇಷ್ಟು ಜಾಣತನದ ಮಾತನ್ನು ಯಾರೂ ಆಡಿರಲಿಲ್ಲ. ಸಮಾಲೋಚಕಿಯ ನಂಬರನ್ನು ಹುಡುಗಿ ಮೂರು ಸಲ ಬಾಯಲ್ಲೇ ಹೇಳಿ ಕಲಿತಳು. ಬರೆದುಕೊಳ್ಳಲಿಲ್ಲ. ಸಿಸ್ಟರ್ ಅವಳನ್ನು ಬಾಗಿಲವರೆಗೆ ಬಿಟ್ಟು, ಗದರಿಸುವ ದನಿಯಲ್ಲಿ ಚಿಕ್ಕಮ್ಮನಿಗೆ ಹೇಳಿದರು. "ಇನ್ನೂ ಪೂರ್ತಿ ಕೂಡಿಲ್ಲ. ಎರಡು ಹೊಲಿಗೆ ಬಿಟ್ಟಿದ್ದೀನಿ. ಗುರುವಾರ ತಪ್ಪದೆ ಬನ್ನಿ, ಇಲ್ದಿದ್ರೆ ಕೀವಾಗುತ್ತೆ."

ಓದುತ್ತಿರುವವರೇ, ನೀವು ನರ್ಸ್ ಆಗಿರಬಹುದು, ಶಿಕ್ಷಕಿ, ಪೊಲೀಸ್, ಟೈಲರ್, ಲಾಡ್ಜಿನ ಗುಮಾಸ್ತ ಯಾರೇ ಆಗಿರಬಹುದು. ಇಂಥ ತರಬೇತಿಗೆ ಕರೆದಾಗ 'ನನಗೆಲ್ಲಾ ಗೊತ್ತು' ಎನ್ನಬೇಡಿ, ಹೋಗಿ. ಕರೆಯದಿದ್ದರೆ ನಿಮ್ಮ ಮೇಲಿನವರನ್ನು ಕೇಳಿ, ಏರ್ಪಡಿಸಿ. ನಿಮ್ಮ ಮುಂದೆ ಕೂತ ಹೆಣ್ಣುಮಗಳ ಬದಲಿಗೆ ಇನ್ಯಾರೋ ಉತ್ತರ ಹೇಳುತ್ತಿದ್ದರೆ ಒಂದು ನಿಮಿಷ ನಿಲ್ಲಿ. ಅವಳೊಬ್ಬಳೇ ಇರಲು ಜಾಗ ಮಾಡಿಕೊಡಿ. ಕೇಳಿ, ನಂಬಿ, ದಾರಿಗಳನ್ನು ತೋರಿಸಿ, ನಡೆಯಲು ಅವಳಿಗೇ ಬಿಡಿ. ಅವಳ ಧೈರ್ಯ ನಮ್ಮದಕ್ಕಿಂತ ದೊಡ್ಡದು. ಅವಳಿಗೆ ಬೇಕಾದದ್ದು ಮತ್ತೆ ಬರಲು ಒಂದು ಬಾಗಿಲು.

ಅಂದು ಮಧ್ಯಾಹ್ನ ನೆಲ ಒರೆಸುತ್ತಾ ಆಯಮ್ಮ ಕೇಳಿದಳು, "ಗುರುವಾರ ನಿಮ್ಮ ವಾರದ ರಜೆ ಅಲ್ವಾ ಸಿಸ್ಟರಮ್ಮಾ? ಮೊಮ್ಮಗನನ್ನು ನೋಡೋಕೆ ಮಗಳ ಮನೆಗೆ ಹೊರಟಿರಾ?"

"ಹೂಂ, ನೋಡೋಣ," ಎಂದರು ಸಿಸ್ಟರ್.

ಕತ್ತರಿಯನ್ನು ತೊಳೆದು ಕುದಿಯುವ ನೀರಿಗೆ ಹಾಕಿದರು. ಗೋಡೆಯ ಡ್ಯೂಟಿ ಪಟ್ಟಿಯ ಹತ್ತಿರ ಹೋಗಿ, ಗುರುವಾರದ ಖಾಲಿ ಚೌಕದಲ್ಲಿ ತಮ್ಮ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದರು.