ಕಿರಿಸೊಸೆ ಹಿಂತೆಗೆದುಕೊಂಡ ಅಂಕಿ

ಕೃತಕ ಹಲ್ಲು ತಯಾರಿಸುವ ಆ ಲ್ಯಾಬಿಗೆ ಯಂತ್ರ ತಂದವನು ಮನೆಯ ಹಿರಿಯ ಮಗ. ಅದನ್ನು ಪಳಗಿಸಿದವಳು ಕಿರಿಸೊಸೆ. ಹಲ್ಲಿನ ಮೇಲೆ ಕೂರಿಸುವ ಬಿಳಿಯ ಕ್ಯಾಪನ್ನು ಮೊದಲು ದೊಡ್ಡದಾಗಿಯೇ ಕೊರೆಯಬೇಕು. ಕುಲುಮೆಯಲ್ಲಿ ಬೆಂದ ಮೇಲೆ ಅದು ಕುಗ್ಗಿ ಅಳತೆಗೆ ಬರುತ್ತದೆ. ಎಷ್ಟು ಕುಗ್ಗುತ್ತದೆಂದು ಕಚ್ಚಾವಸ್ತುವಿನ ಡಬ್ಬಿಯ ಮೇಲೆ ಬರೆದಿರುತ್ತಾರೆ, ನಿಜ. ಆದರೆ ತಮ್ಮ ಕುಲುಮೆ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಕುಗ್ಗಿಸುತ್ತದೆ ಎಂಬುದನ್ನು ಭೌತಶಾಸ್ತ್ರ ಓದಿದ್ದ ಅವಳು ಚಳಿಗಾಲವಿಡೀ ಮೈಕ್ರೊಮೀಟರ್ ಹಿಡಿದು ಕೂತು ಕಂಡುಕೊಂಡಿದ್ದಳು.

ಆ ತಿದ್ದುಪಡಿಯ ಅಂಕಿಯನ್ನು ಯಂತ್ರದ ಪಕ್ಕದ ಲಿನಕ್ಸ್ ಕಂಪ್ಯೂಟರಿನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ ಮಾಡಿ, ಅಂದರೆ ಪ್ರೋಗ್ರಾಮುಗಳು ತಾವಾಗಿಯೇ ಓದಿಕೊಳ್ಳುವ ಹಾಗೆ, ಇಟ್ಟಳು. ಅದಕ್ಕೆಂದೇ ಸಿಸ್ಟಮ್ಮಿನಲ್ಲಿ ಒಂದು ಫೈಲಿದೆ. ಅದರಲ್ಲಿ ಒಂದು ಸಾಲು ಬರೆದರೆ ಸಾಕು, ಯಾರೇ ಲಾಗಿನ್ ಆಗಲಿ, ಯಾವ ಐಕಾನನ್ನೇ ಒತ್ತಲಿ, ಅಂಕಿ ಅವರ ಬೆನ್ನಿಗಿರುತ್ತದೆ. ಅಂದಿನಿಂದ ಲ್ಯಾಬಿನ ಕ್ಯಾಪುಗಳು ಅಚ್ಚಿಗೆ ಹೊಯ್ದಂತೆ ಕೂರತೊಡಗಿದವು.

ಒಂದು ದಿನ ಲ್ಯಾಬು ನೋಡಲು ದಂತವೈದ್ಯರು ಬಂದರು. ಇದು ನನ್ನದೇ ಲೆಕ್ಕ ಎಂದು ಭಾವ ಎದೆಯುಬ್ಬಿಸಿ ವಿವರಿಸಿದ. ಟ್ರೇ ಹಿಡಿದು ನಿಂತಿದ್ದ ಅವಳನ್ನು ತೋರಿಸಿ, ಇವರೇನು ಮಾಡುತ್ತಾರೆ ಎಂದು ಯಾರೋ ಕೇಳಿದರು. "ಅವಳಾ? ಧೂಳು ಒರೆಸ್ತಾಳೆ, ಡಬ್ಬಿ ಜೋಡಿಸ್ತಾಳೆ," ಎಂದ ಭಾವ. ಎಲ್ಲರೂ ನಕ್ಕರು. ಅವಳೂ ತುಟಿಯಂಚಿನಲ್ಲಿ ನಕ್ಕಳು.

ಮರುದಿನ ಬೆಳಿಗ್ಗೆ ಆ ಸಾಲನ್ನು ಎಲ್ಲರ ಫೈಲಿನಿಂದ ಅಳಿಸಿ ತನ್ನ ಅಕೌಂಟಿನೊಳಗೆ ಇಟ್ಟುಕೊಂಡಳು. ಕದ್ದದ್ದೇನೂ ಅಲ್ಲವಲ್ಲ, ತನ್ನದನ್ನು ತಾನು ಒಳಗೆ ತೆಗೆದಿಟ್ಟದ್ದು.

ಭಾವ ಮಾಡಿದ ಕ್ಯಾಪುಗಳು ಒಂದೊಂದಾಗಿ ವಾಪಸು ಬಂದವು. ಅವನೇನು ಪೆದ್ದನಲ್ಲ, ಅಂಕಿ ಅವನಿಗೆ ಬಾಯಿಪಾಠವಿತ್ತು. ಆಜ್ಞೆ ಕೊಡುವ ಕಪ್ಪು ಟರ್ಮಿನಲ್ ಕಿಟಕಿ ತೆರೆದು ಅದನ್ನು ಟೈಪು ಮಾಡಿದ, ಪರೀಕ್ಷಿಸಿದ, ಅಂಕಿ ಸರಿಯಾಗಿಯೇ ಕಂಡಿತು. ನೆಮ್ಮದಿಯಿಂದ ಆ ಕಿಟಕಿ ಮುಚ್ಚಿ ಡೆಸ್ಕ್‌ಟಾಪಿನ ಐಕಾನು ಒತ್ತಿದ. ಮತ್ತೆ ಅದೇ ಚಿಕ್ಕ ಕ್ಯಾಪು. ಟರ್ಮಿನಲ್ಲಿನಲ್ಲಿ ಹೇಳಿದ್ದು ಅದನ್ನು ಮುಚ್ಚಿದೊಡನೆ ಸತ್ತುಹೋಗುತ್ತದೆ. ಐಕಾನಿಗೆ ಸಿಗುವುದು ಲಾಗಿನ್ ಆದಾಗ ಸಿಕ್ಕಿದ್ದಷ್ಟೇ. ಇಷ್ಟು ಹೇಳಲು ಅವಳಿಗೆ ಅರ್ಧ ನಿಮಿಷವೂ ಬೇಕಿರಲಿಲ್ಲ. ಎದುರಿನ ಮೇಜಿನಲ್ಲಿ ಕ್ಯಾಪಿಗೆ ಪಾಲಿಶ್ ಹಾಕುತ್ತ, ಅವನು ಕುಲುಮೆಯನ್ನು ಬೈಯುವುದನ್ನು ಕೇಳುತ್ತ ಕೂತಳು. ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ಅತ್ತೆಯ ದವಡೆಹಲ್ಲಿನ ಸರದಿ ಬಂತು. ವಾರಗಳಿಂದ ಒಂದೇ ಕಡೆ ಅಗಿಯುತ್ತಿದ್ದ ಅತ್ತೆ ಅವಳನ್ನು ಮಗಳೇ ಎಂದೇ ಕರೆಯುವವರು. ಅಮ್ಮನದು ನಾನೇ ಮಾಡುತ್ತೇನೆ ಎಂದು ಭಾವ ಹಟ ಹಿಡಿದ. ಯಂತ್ರ ಗುಂಯ್ ಎನ್ನುತ್ತಿದ್ದಷ್ಟು ಹೊತ್ತೂ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇವನಿಗೆ ಮುಖಭಂಗವಾಗಬೇಕಾದದ್ದು ಡಾಕ್ಟರ ಎದುರಿಗೆ. ಅವಳು ತನ್ನ ಪಾಲಿಶ್ ಕೆಲಸಕ್ಕೆ ತಿರುಗಿದಳು.

ಮರುದಿನ, ಅಂದು ಲ್ಯಾಬು ನೋಡಿಹೋಗಿದ್ದ ಡಾಕ್ಟರೊಬ್ಬರೇ ಅತ್ತೆಯನ್ನು ಕರೆದುಕೊಂಡು ಲ್ಯಾಬಿಗೆ ಬಂದರು. ಕೂರದ ಕ್ಯಾಪನ್ನು ಒತ್ತಿ ಒತ್ತಿ ನೋಡಿದ್ದರಿಂದ ಅತ್ತೆಯ ಒಸಡು ಕೆಂಪಾಗಿ ಕೆನ್ನೆ ಊದಿತ್ತು. ನಿಮ್ಮ ಆ ಲೆಕ್ಕ ಎಲ್ಲಿ ಹೋಯಿತು ಎಂದು ಡಾಕ್ಟರು ಕೇಳಿದಾಗ ಭಾವ ಅವಳತ್ತ ತಿರುಗಿದ.

"ಏನಮ್ಮ, ನೀನೇನಾದ್ರೂ ಕೈ ಹಾಕಿದ್ಯಾ?"

"ನನ್ನ ಅಂಕಿ ನಾನು ತಗೊಂಡೆ ಭಾವ. ಧೂಳು ಒರೆಸುವಾಗ ಕೈಗೆ ಸಿಕ್ತು."

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಭಾವನ ಕಿವಿ ಕೆಂಪಾಯಿತು. "ವಾಪಸ್ ಹಾಕು. ಎಲ್ಲರಿಗೂ ಸಿಗೋ ಹಾಗೆ ಹಾಕು."

"ಹಾಕ್ತೀನಿ. ಅದು ಯಾರು ಮಾಡಿದ ಲೆಕ್ಕ ಅಂತ ಮೊದಲು ಇವರಿಗೆ ಹೇಳಿ."

ಅಮ್ಮನ ಊದಿದ ಕೆನ್ನೆ ನೋಡಿ ಅವನು ಸೋತ. ಲೆಕ್ಕ ಇವಳದೇ, ತಾನು ಸುಳ್ಳು ಹೇಳಿದ್ದೆ ಎಂದು ನೆಲ ನೋಡುತ್ತ ಒಪ್ಪಿಕೊಂಡ. ಸರಿಯಾಗಿ ಕೇಳಿಸಲಿಲ್ಲ ಎಂದಳು. ಅವನು ಇನ್ನೊಮ್ಮೆ ಹೇಳಬೇಕಾಯಿತು.

ಆಗ ಅತ್ತೆ ಕೇಳಿದರು: "ಅವನು ನನ್ನ ಕ್ಯಾಪು ಕೊರೀತಿದ್ದಾಗಲೇ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ನಿಮ್ಮ ಜಗಳಕ್ಕೆ ನನ್ನ ಬಾಯೇ ಬೇಕಿತ್ತಾ?"

ಅವಳು ಕೀಬೋರ್ಡಿನ ಮುಂದೆ ಕೂತಳು. ಸಾಲನ್ನು ಎಲ್ಲರ ಫೈಲಿಗೆ ಬರೆದು, ಮೇಲೆ ತನ್ನ ಹೆಸರು ಸೇರಿಸಿ ಕಂಪ್ಯೂಟರನ್ನು ಮರುಚಾಲೂ ಮಾಡಿದಳು. ಹೊಸ ಕ್ಯಾಪು ಕೂದಲೆಳೆಯೂ ಹೆಚ್ಚುಕಡಿಮೆಯಾಗದೆ ಕೂತಿತು. ಅತ್ತೆ ಎರಡು ಸಲ ಕಚ್ಚಿ ನೋಡಿ, ಸರಿಯಾಗಿದೆ ಎಂದು ಮಗನಿಗೆ ಹೇಳಿದರು. ಅವಳ ಕಡೆ ನೋಡಲಿಲ್ಲ.

ಆಮೇಲೆ ಡಾಕ್ಟರುಗಳು ಫೋನು ಮಾಡಿ ಅವಳನ್ನೇ ಕೇಳತೊಡಗಿದರು. ಅತ್ತೆ ಅವಳನ್ನು ಮಗಳೇ ಎನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆಯತೊಡಗಿದರು. ಪ್ರತಿಸಲವೂ ಅದು ಅವಳನ್ನು ಚುಚ್ಚುತ್ತಿತ್ತು. ಆದರೂ ಭಾವ ನೆಲ ನೋಡುತ್ತ ನಿಂತ ಆ ಗಳಿಗೆಯನ್ನು ಬಿಟ್ಟುಕೊಡುತ್ತೀಯಾ ಎಂದು ಯಾರಾದರೂ ಕೇಳಿದ್ದರೆ, ಇಲ್ಲ ಎನ್ನುತ್ತಿದ್ದಳು.